ಕರೆಂಟು ಕುಡಿದ ತಂತಿ

“ಬಾನೆಟ್ ಎತ್ತು, ಬ್ಯಾಟರಿ ನೋಡು, ಫ್ಯೂಸ್ ನೋಡು, ಏನು ಬೇಕಾದ್ರೂ ನೋಡು. ಎಡಗಡೆ ಹೆಡ್‌ಲೈಟಿನ ಹಿಂದೆ ಮಾತ್ರ ಕೈ ಹಾಕ್ಬೇಡ,” ಎಂದರು ಮೇಸ್ತ್ರಿ.

ಹೊಸ ಹುಡುಗ ಮೀಟರ್ ನಕ್ಕುಬಿಟ್ಟ. “ಯಾಕೆ ಮೇಸ್ತ್ರಿ, ಕಚ್ಚುತ್ತಾ?”

ಮೇಸ್ತ್ರಿ ನಗಲಿಲ್ಲ. ನಲವತ್ತು ವರ್ಷ ಗ್ರೀಸಿನಲ್ಲೇ ನೆನೆದ ಕೈಗಳನ್ನು ಚಿಂದಿಬಟ್ಟೆಗೆ ಒರೆಸುತ್ತ, ಗ್ಯಾರೇಜಿನ ಮೂಲೆಯಲ್ಲಿ ನಿಂತಿದ್ದ ಬೂದು ಬಣ್ಣದ ಕಾರಿನ ಕಡೆ ಕಣ್ಣೆತ್ತದೆ ಮಾತಾಡಿದರು. “ಎರಡು ವರ್ಷದ ಹಿಂದೆ ನಾನೇ ಬಿಚ್ಚಿದ್ದೆ. ಒಳಗೊಂದು ಗಂಟಿದೆ. ನೋಡಿದೆ, ಮುಟ್ಟಲಿಲ್ಲ, ಹಾಗೇ ಮುಚ್ಚಿಟ್ಟೆ. ಅದು ನಮ್ಮ ಕೆಲಸ ಅಲ್ಲ ಕಣೋ. ಯಾರೋ ಮಾಡ್ಸಿಟ್ಟಿರೋದು.”

“ಹನ್ನೆರಡು ವೋಲ್ಟಿನ ಕಾರಿಗೆ ಯಾರು ಮೇಸ್ತ್ರಿ ಮಾಟ ಮಾಡಿಸ್ತಾರೆ? ಅಷ್ಟು ಖರ್ಚು ಮಾಡೋರು ಹೋಗಿ ಟ್ರಾನ್ಸ್‌ಫಾರ್ಮರಿಗೇ ಮಾಡಿಸಲ್ವಾ?”

ಮೇಸ್ತ್ರಿ ಊಟದ ಡಬ್ಬಿ ಹಿಡಿದು ಹೊರಗೆ ನಡೆದರು. ಅವರು ಊಟಕ್ಕೆ ಹೊರಗೆ ಹೋದದ್ದನ್ನು ಅವನು ಅದೇ ಮೊದಲು ನೋಡಿದ್ದು.

ಮೀಟರ್ ಈ ಇಳಿಜಾರಿನ ಊರಿಗೆ ಬಂದು ಎರಡು ತಿಂಗಳಾಗಿತ್ತಷ್ಟೇ. ಕಾರಿನ ವೈರಿಂಗ್ ಕೆಲಸದಲ್ಲಿ ಅವನ ಕೈ ಬಲು ಚೊಕ್ಕ. ಕೊರಳಿಗೆ ಸದಾ ಕರೆಂಟು ಅಳೆಯುವ ಮಲ್ಟಿಮೀಟರು ನೇತಾಡುತ್ತಿದ್ದುದರಿಂದ ಬಂದ ಎರಡನೇ ದಿನಕ್ಕೇ ಆ ಅಡ್ಡಹೆಸರು ಅಂಟಿಕೊಂಡಿತ್ತು. ಊರು ಬಿಟ್ಟು ಊರಿಗೆ ಬಂದದ್ದು ಅಕ್ಕನಿಗಾಗಿ. ತಾಯಿ ಸತ್ತಾಗ ಅವನಿಗೆ ಐದು ವರ್ಷ, ಅಕ್ಕನಿಗೆ ಹದಿನೇಳು. ಅಂದಿನಿಂದ ಹತ್ತಿ ಗಿರಣಿಗೆ ದುಡಿಯಲು ಹೋಗಿ ಅವನನ್ನು ಸಾಕಿದವಳು ಅವಳು. ಗಿರಣಿಯ ಧೂಳು ಅವಳ ಶ್ವಾಸಕೋಶವನ್ನು ಒಳಗೊಳಗೇ ತಿಂದುಹಾಕಿತ್ತು. ಈಗ ಮಂಚದ ಪಕ್ಕ ಒಂದು ಆಕ್ಸಿಜನ್ ಮೆಷಿನ್ ಹಗಲೂ ಇರುಳೂ ಗುರ್ ಎನ್ನುತ್ತಿರಬೇಕು, ಅದರ ನಳಿಕೆ ಅಕ್ಕನ ಮೂಗಿನಲ್ಲಿರಬೇಕು. ಗಾಳಿ ಶುದ್ಧವಾಗಿರುವ ಕಡೆ ಇರಿಸಿ ಎಂದು ಡಾಕ್ಟರು ಹೇಳಿದ್ದಕ್ಕೆ ಇಲ್ಲಿಗೆ ಬಂದಿದ್ದರು.

ಬೂದು ಕಾರು ಸಿಸ್ಟರದು. ಮನೆಮನೆಗೆ ಹೋಗಿ ರೋಗಿಗಳನ್ನು ನೋಡುವ ನರ್ಸು ಆಕೆ. ಐವತ್ತು ದಾಟಿದ, ಗಟ್ಟಿ ದನಿಯ, ಇಡೀ ಊರನ್ನೇ ಗದರಿಸಿ ಮಾತ್ರೆ ನುಂಗಿಸುವ ಹೆಂಗಸು. ವಾರಕ್ಕೆರಡು ಸಲ ಅಕ್ಕನನ್ನು ನೋಡಲು ಬರುತ್ತಿದ್ದರು. ಕೈಯಿಂದ ಕೈಗೆ ದಾಟಿ ಬಂದಿದ್ದ ಆ ಕಾರನ್ನು ಐದು ತಿಂಗಳ ಹಿಂದೆ ಕೊಂಡಿದ್ದರು.

“ಹೊಸ ಬ್ಯಾಟರಿ ಹಾಕಿದ್ರೂ ಬೆಳಿಗ್ಗೆ ಹೊತ್ತಿಗೆ ಸತ್ತು ಬಿದ್ದಿರುತ್ತಪ್ಪ,” ಎಂದಿದ್ದರು. “ಲೈಟ್ ಹಾಕಿದ್ರೆ ಮಿಣುಕುಹುಳ ವಾಸಿ. ಹಗಲು ಹೇಗೋ ಓಡಿಸ್ತೀನಿ. ಹೊತ್ತು ಮುಳುಗಿದ್ಮೇಲೆ ಯಾರಿಗಾದ್ರೂ ಉಸಿರು ಕಟ್ಟಿದ್ರೆ ನಾನೇನು ಮಾಡ್ಲಿ? ಫೋನಲ್ಲಿ ಸಮಾಧಾನ ಹೇಳ್ಲಾ?”

ಆ ಮಾತು ಅವನಿಗೆ ನಾಟಿತ್ತು. ಉಸಿರು ಕಟ್ಟುವವರಲ್ಲಿ ಅವನ ಅಕ್ಕನೂ ಒಬ್ಬಳು.

ಕೆಲಸ ಶುರುವಾಯಿತು. ಬ್ಯಾಟರಿಯ ಪಾಸಿಟಿವ್ ಕಳಚಿ, ನಡುವೆ ಮೀಟರು ಕೂರಿಸಿದ. ಎಲ್ಲವೂ ಆರಿರುವ, ಬೀಗ ಹಾಕಿ ನಿಲ್ಲಿಸಿದ ಕಾರು ತೂಕಡಿಸುತ್ತಿರುವ ನಾಯಿಯಂತೆ. ಒಂದಿಷ್ಟೇ ಇಷ್ಟು ಕರೆಂಟು ಎಳೆಯುತ್ತದೆ. ಇದು ಮೂರು ಆಂಪಿಯರ್ ಎಳೆಯುತ್ತಿತ್ತು. ಎಲ್ಲೋ ಸೋರುತ್ತಿದೆ. ಒಂದೊಂದೇ ಫ್ಯೂಸು ಕಿತ್ತ. ಯಾವುದನ್ನು ಕಿತ್ತಾಗ ಅಂಕಿ ಇಳಿಯುತ್ತದೋ ಅಲ್ಲಿ ದೋಷ. ಹಾರನ್ನಿನದು ಕಿತ್ತ, ಇಳಿಯಲಿಲ್ಲ. ವೈಪರಿನದು, ಒಳದೀಪದ್ದು, ಹಿಂದಿನ ದೀಪದ್ದು. ಇಳಿಯಲಿಲ್ಲ. ಕೊನೆಗೆ ಇಪ್ಪತ್ತೆರಡೂ ಫ್ಯೂಸುಗಳು ಅವನ ಅಂಗೈಯಲ್ಲಿದ್ದವು. ಬ್ಯಾಟರಿ ಚಾರ್ಜು ಮಾಡುವ ಆಲ್ಟರ್ನೇಟರಿನ ತಂತಿಯನ್ನೂ ಕಳಚಿಟ್ಟಿದ್ದ. ಅಂಕಿ ಮೂರರಲ್ಲೇ ನಿಂತಿತ್ತು.

ಹಾಗಾದರೆ ಇದು ಕಂಪನಿಯವರು ಎಳೆಯದ ತಂತಿ. ಆಮೇಲೆ ಯಾರೋ ಎಳೆದದ್ದು.

ಎಡಗಡೆಯ ಹೆಡ್‌ಲೈಟು ಬಿಚ್ಚಿದ. ಒಳಗಿನಿಂದ ಕಮಟು ಗಾಳಿ ಮುಖಕ್ಕೆ ರಾಚಿತು. ಒದ್ದೆ ಉಣ್ಣೆಯ, ಸುಟ್ಟ ಕೂದಲಿನ ವಾಸನೆ. ಟಾರ್ಚು ಬಿಟ್ಟು ನೋಡಿದ. ಬ್ಯಾಟರಿಯ ಮುಖ್ಯ ತಂತಿಗೆ ಕಪ್ಪು ಬಟ್ಟೆ ಸುತ್ತಿದ ತೆಳುವಾದ ತಾಮ್ರದೆಳೆಯೊಂದನ್ನು ಹೊಸೆದಿದ್ದರು. ಅದು ತಗಡಿನ ಸಂದಿಯಲ್ಲಿ ಹರಿದು ಹೋಗಿ ನಿಂಬೆಹಣ್ಣಿನ ಗಾತ್ರದ ಒಂದು ಗಂಟಿನೊಳಗೆ ಮುಗಿಯುತ್ತಿತ್ತು. ಕಪ್ಪು ಗಂಟು. ಸುತ್ತಲೂ ಎಷ್ಟು ಒತ್ತಾದ, ಎಷ್ಟು ಅಚ್ಚುಕಟ್ಟಾದ ಹೊಲಿಗೆ ಎಂದರೆ ಇಡೀ ಗಂಟನ್ನು ದಾರದಿಂದಲೇ ಮಾಡಿದಂತಿತ್ತು. ಅದು ದಾರವೂ ಅಲ್ಲ. ಕೂದಲು. ಉದ್ದನೆಯ, ಹೆಣ್ಣಿನ ಕೂದಲು.

ಗಂಟು ಗಾಳಿಯಲ್ಲಿ ನೇತಾಡುತ್ತಿತ್ತು. ಯಾವ ಲೋಹಕ್ಕೂ ತಾಗಿರಲಿಲ್ಲ.

ಅವನ ನಗು ಅಲ್ಲಿ ಒಂದು ಕ್ಷಣ ನಿಂತಿತು. ಕರೆಂಟು ಎಂದರೆ ಹೋಗಿ ಬರುವ ವಸ್ತು. ಬ್ಯಾಟರಿಯಿಂದ ಹೊರಟದ್ದು ಸುತ್ತಿ ಬಳಸಿ ಬ್ಯಾಟರಿಗೇ ಮರಳಬೇಕು. ಮರಳುವ ದಾರಿ ಇಲ್ಲದಿದ್ದರೆ ಹೊರಡುವುದೇ ಇಲ್ಲ. ಇಲ್ಲಿ ಮೂರು ಆಂಪಿಯರ್ ಆ ಗಂಟಿನೊಳಗೆ ಹೋಗುತ್ತಿತ್ತು. ಹೊರಗೆ ಬರುತ್ತಿರಲಿಲ್ಲ. ಎರಡು ಸಲ ಅಳೆದ. ಮೂರು ಸಲ ಅಳೆದ.

“ತೇವ ಹಿಡಿದಿದೆ. ಅಷ್ಟೇ,” ಎಂದುಕೊಂಡ, ಗಟ್ಟಿಯಾಗಿಯೇ. ಕಟರು ತೆಗೆದು ತಂತಿ ಕತ್ತರಿಸಿದ.

ಹಿಡಿದಿಟ್ಟ ಉಸಿರನ್ನು ಯಾರೋ ಬಿಟ್ಟಂತೆ ಸಣ್ಣ ಸದ್ದು. ಮೀಟರಿನ ಅಂಕಿ ಸರ್ರನೆ ಸೊನ್ನೆಯ ಹತ್ತಿರಕ್ಕೆ ಇಳಿಯಿತು.

ಗಂಟನ್ನು ಒಂದು ತಗಡಿನ ಡಬ್ಬಿಗೆ ಹಾಕಿ ಕಪಾಟಿನ ಮೇಲಿಟ್ಟ, ಮೇಸ್ತ್ರಿಗೆ ತೋರಿಸಿ ಆಡಿಕೊಳ್ಳಲು. ಫ್ಯೂಸುಗಳನ್ನೆಲ್ಲ ಮತ್ತೆ ಕೂರಿಸಿದ. ದೀಪ ಗೋಡೆಯ ಮೇಲೆ ಎಲ್ಲಿ ಬೀಳುತ್ತದೆ ಎಂದು ನೋಡಲು ಗ್ಯಾರೇಜಿನ ಶಟರು ಎಳೆದ. ಕಿಟಕಿಯಿಲ್ಲದ ಆ ಕೋಣೆಯಲ್ಲಿ ನಡುಮಧ್ಯಾಹ್ನವೂ ಕಾಡಿಗೆಯಂಥ ಕತ್ತಲು. ಸ್ವಿಚ್ಚು ಒತ್ತಿದ. ಗೋಡೆಯ ಮೇಲೆ ಎರಡು ಬೆಳ್ಳನೆಯ ವೃತ್ತಗಳು ಧಿಗ್ಗನೆ ಎದ್ದು ನಿಂತವು. ಮೀಟರ್ ಸಿಳ್ಳೆ ಹಾಕಿದ. ಎಡಗಡೆಯ ದೀಪದ ಗಾಜನ್ನು ಪ್ರೀತಿಯಿಂದ ತಟ್ಟಿದ.

ಅವನ ಕೈಕೆಳಗೆ ದೀಪ ಕೆಂಪಗಾಯಿತು. ಕೈ ತೆಗೆದ. ಬೆಳ್ಳಗಾಯಿತು.

ಎಲ್ಲೋ ಸಡಿಲ ಇರಬೇಕು, ಎಂದುಕೊಂಡ.

ಸಂಜೆ ನಾಲ್ಕಕ್ಕೆ ಸಿಸ್ಟರ್ ಬಂದು ಹೊಳೆಯುವ ದೀಪಗಳನ್ನು ನೋಡಿ ಮಕ್ಕಳಂತೆ ಚಪ್ಪಾಳೆ ತಟ್ಟಿ ಕಾರು ಒಯ್ದರು. ಅಷ್ಟರಲ್ಲಿ ಅವನ ಕೊರಳಿನ ಮಲ್ಟಿಮೀಟರು ಸತ್ತಿತ್ತು. ಹೊಸ ಸೆಲ್ಲು ಹಾಕಿದ, ಅದೂ ಸತ್ತಿತು. ಟಾರ್ಚು ಸತ್ತಿತು. ಜೇಬಿನ ಫೋನು ಸತ್ತಿತು. ಕಪಾಟಿನ ಮೇಲಿನ ಡಬ್ಬಿಯನ್ನೂ, ಟ್ಯೂಬ್‌ಲೈಟಿನ ಕೆಳಗೆ ನಿಂತ ಅವನನ್ನೂ, ಅವನ ತಲೆಯ ಮೇಲೆ ಪಿಳಪಿಳನೆ ಕಣ್ಣು ಬಡಿಯುತ್ತಿದ್ದ ಟ್ಯೂಬನ್ನೂ ಮೇಸ್ತ್ರಿ ಒಂದಾದ ಮೇಲೊಂದರಂತೆ ನೋಡಿದರು.

“ಕತ್ತರಿಸಿದ್ಯಾ?” ಎಂದರು. ಅಷ್ಟೇ.

ಮೀಟರ್ ಮನೆಯ ಹೊಸ್ತಿಲು ದಾಟಿದ ಕೂಡಲೇ ಆಕ್ಸಿಜನ್ ಮೆಷಿನ್ ಕಿರುಚಿಕೊಂಡಿತು.

ಅದರ ಗುರುಗುಟ್ಟುವಿಕೆ ತೊದಲಿತು, ನಿಧಾನವಾಯಿತು. ಹಸಿರು ದೀಪ ಹಳದಿಯಾಗಿ, ಕೆಂಪಾಗಿ, ಆರಿತು. ಅಕ್ಕ ಮಂಚದ ಮೇಲೆ ಎದ್ದು ಕೂತು ಎರಡೂ ಕೈಯಲ್ಲಿ ಹಾಸಿಗೆ ಹಿಡಿದುಕೊಂಡಳು. ತುಟಿ ನೀಲಿ. ಬಾಯಿ ತೆರೆದಿತ್ತು, ಗಾಳಿ ಒಳಗೆ ಹೋಗುತ್ತಿರಲಿಲ್ಲ. ಅವನು ಮೆಷಿನ್ನಿಗೆ ಹಾರಿದ. ಪ್ಲಗ್ಗು ಕಿತ್ತು ಚುಚ್ಚಿದ, ಬಡಿದ, ಅಲ್ಲಾಡಿಸಿದ. ಇಲ್ಲ. ಹಿತ್ತಿಲಲ್ಲಿ ಇಟ್ಟಿದ್ದ ಆಕ್ಸಿಜನ್ ಸಿಲಿಂಡರು ನೆನಪಾಗಿ ಓಡಿದ. ಅವನು ಹಿತ್ತಿಲ ಕೊನೆ ಮುಟ್ಟುವಷ್ಟರಲ್ಲಿ ಒಳಗೆ ಮೆಷಿನ್ ತಾನಾಗಿ ಗುರ್ ಎಂದು ಎದ್ದಿತು.

ಸಿಲಿಂಡರು ಎಳೆದುಕೊಂಡು ಒಳಗೆ ಬಂದ. ಮೆಷಿನ್ ಸತ್ತಿತು.

ಅವನು ಬಾಗಿಲಲ್ಲೇ ಕಲ್ಲಾದ.

ಆಮೇಲೆ ಅವನು ಮಾಡಿದ್ದು ತನಗೆ ಬರುವ ಒಂದೇ ಕೆಲಸ. ಒಂದೊಂದೇ ಫ್ಯೂಸು ಕಿತ್ತು ದೋಷ ಹುಡುಕಿದ. ಸಿಲಿಂಡರಿನ ನಳಿಕೆ ಅಕ್ಕನಿಗೆ ಹಾಕಿ ಅಂಗಳಕ್ಕೆ ಬಂದ. ಉಪಕರಣದ ಚೀಲ ಹೊರಗಿಟ್ಟು ಒಳಗೆ ಹೋದ, ಮೆಷಿನ್ ಕಿರುಚಿತು. ಕೈಗಡಿಯಾರ ಬಿಚ್ಚಿಟ್ಟು ಹೋದ. ಬೆಲ್ಟು, ಚಪ್ಪಲಿ ಬಿಟ್ಟು ಹೋದ. ಗ್ಯಾರೇಜಿನ ಬಟ್ಟೆ ಕಳಚಿ, ತಲೆಯ ಮೇಲೆ ನೀರು ಸುರಿದುಕೊಂಡು, ಬರೀ ಪಂಚೆಯಲ್ಲಿ ಹೋದ. ಪ್ರತಿ ಸಲವೂ ಮೆಷಿನ್ ಸತ್ತಿತು, ಪ್ರತಿ ಸಲವೂ ಅಕ್ಕನ ಕಣ್ಣು ದೊಡ್ಡದಾಯಿತು. ಕೊನೆಗೆ ಕೀಳಲು ಉಳಿದದ್ದು ಅವನೊಬ್ಬನೇ. ಅಂಗಳಕ್ಕೆ ಬಂದು ನಿಂತ. ಒಳಗೆ ಮೆಷಿನ್ ಹಾಯಾಗಿ ಗುರುಗುಡುತ್ತಿತ್ತು.

ಒದ್ದೆ ಮೈಯಿಂದ ವಾಸನೆ ಬರುತ್ತಿತ್ತು. ಸುಟ್ಟ ಕೂದಲಿನ ವಾಸನೆ.

ಮೊದಲ ದಿನ ಬಾಗಿಲಿನಿಂದ ಆರು ಹೆಜ್ಜೆ ದೂರ ನಿಂತರೆ ಸಾಕಿತ್ತು. ಮೂರನೆಯ ದಿನ ಹದಿನಾಲ್ಕಾಯಿತು. ಪಕ್ಕದ ಮನೆಯಾಕೆ ಅಕ್ಕನಿಗೆ ಗಂಜಿ ಕುಡಿಸಿ ಮೈ ಒರೆಸಿ ಹೋಗುತ್ತಿದ್ದಳು. ಅವನು ಗ್ಯಾರೇಜಿನ ಹಿಂದಿನ ಗುಜರಿಯಲ್ಲಿ ತುಕ್ಕು ಹಿಡಿದ ಬಸ್ಸಿನೊಳಗೆ ಮಲಗುತ್ತಿದ್ದ. ಹಗಲು ಬಂದು ಬೀದಿಯ ಆಚೆ ಬದಿಯಲ್ಲಿ ನಿಲ್ಲುತ್ತಿದ್ದ.

“ಏನೋ ಇದು,” ಎಂದು ಅಕ್ಕ ಕಿಟಕಿಯಿಂದ ಕೂಗುತ್ತಿದ್ದಳು, ಎರಡೆರಡು ಮಾತಿಗೆ ಉಸಿರು ತೆಗೆದುಕೊಳ್ಳುತ್ತ. “ಹೊಸ ಅಳಿಯನ ಹಾಗೆ... ಅಂಗಳದಾಚೆ ನಿಂತಿದ್ದೀಯ. ಒಳಗೆ ಬಾ ಅಂತ... ಆರತಿ ತಟ್ಟೆ ತರ್ಬೇಕಾ?”

ಅವನು ನಗುತ್ತಿದ್ದ. ನಕ್ಕು, ಬಸ್ಸಿಗೆ ಹೋಗಿ, ಸೀಟಿಗೆ ಮುಖ ಒತ್ತಿಕೊಂಡು ಅಳುತ್ತಿದ್ದ. ಆರನೆಯ ದಿನ ಬೀದಿಯ ಆಚೆ ನಿಂತರೂ ಮೆಷಿನ್ ತೊದಲತೊಡಗಿತು. ಹೀಗೇ ಹೋದರೆ ಊರು ಬಿಡಬೇಕಾಗುತ್ತದೆ. ಆಮೇಲೆ? ಊರಾಚೆ ನಿಂತರೂ ಸಾಲದೆ ಹೋದರೆ?

ಏಳನೆಯ ದಿನ ಬೆಳಿಗ್ಗೆ ಮೇಸ್ತ್ರಿ ಬಸ್ಸಿನ ಬಾಗಿಲಿಗೆ ಬಂದು ನಿಂತರು. ಒಳಗೆ ಕಾಲಿಡಲಿಲ್ಲ. “ಆ ಹೊಲಿಗೆ ಯಾರದು ಅಂತ ನಂಗೆ ಅವತ್ತೇ ಗೊತ್ತಿತ್ತು. ನನ್ನ ಅಂಗಿಗೆ ಅಂಥ ಹೊಲಿಗೆ ಹಾಕೋದು ಈ ಊರಲ್ಲಿ ಒಬ್ಬಳೇ. ಹೋಗು, ಟೈಲರಮ್ಮನ ಕೇಳು.”

ಟೈಲರಮ್ಮನ ಅಂಗಡಿ ಮೆಟ್ಟಿಲಿಳಿದು ಹೋಗುವ ತಗ್ಗಿನ ಕೋಣೆ. ಕಾಲಿನಿಂದ ತುಳಿಯುವ ಹೊಲಿಗೆ ಯಂತ್ರ, ಬಟ್ಟೆಯ ಗಂಜಿಯ ವಾಸನೆ, ಕಿಟಕಿಯಲ್ಲಿ ಸಣ್ಣ ದನಿಯಲ್ಲಿ ಹಾಡುತ್ತಿದ್ದ ರೇಡಿಯೊ. ಅವನು ಮೇಲಿನ ಮೆಟ್ಟಿಲಿನ ಮೇಲೆ ನಿಂತ ಕೂಡಲೇ ರೇಡಿಯೊ ನಿಂತಿತು. ಆಕೆಯ ಕಾಲೂ ನಿಂತಿತು. ನರೆತ ಕೂದಲನ್ನು ಕುತ್ತಿಗೆಯವರೆಗೆ ಕತ್ತರಿಸಿಕೊಂಡಿದ್ದ ಹೆಂಗಸು. ರೇಡಿಯೊ ನೋಡಿದಳು, ಅವನನ್ನು ನೋಡಿದಳು.

“ಕತ್ತರಿಸಿದ್ದು ನೀನಾ?”

ಅವನು ಹೌದೆಂದು ತಲೆಯಾಡಿಸಿದ.

“ನನ್ನ ಮಗಳಿಗೆ ಹತ್ತೊಂಬತ್ತು,” ಎಂದಳು, ಯಾರೋ ಕೇಳಿದ್ದಕ್ಕೆ ಉತ್ತರಿಸುವಂತೆ. “ಕೆಲಸ ಮುಗಿಸ್ಕೊಂಡು ಬರ್ತಿದ್ಲು. ಕೆಳಗಿನ ತಿರುವಲ್ಲಿ. ಆ ಕಾರಿಗೆ ಲೈಟೇ ಇರಲಿಲ್ಲ. ಬಲ್ಬ್ ಹೋಗಿ ವಾರ ಆಗಿತ್ತಂತೆ. ನಾಳೆ ಹಾಕ್ಸಿದ್ರಾಯ್ತು, ನಾಳೆ ಹಾಕ್ಸಿದ್ರಾಯ್ತು ಅಂತ ಓಡಿಸ್ತಿದ್ನಂತೆ ಪುಣ್ಯಾತ್ಮ.” ಕತ್ತರಿಯನ್ನು ಎತ್ತಿ ಮತ್ತೆ ಅಲ್ಲೇ ಇಟ್ಟಳು. “ಬೆಳಕು ಉಳೀಬಾರ್ದು ಅಂತ ಕಟ್ದೆ. ಅವನ ಮೇಲೆ ಕಟ್ಟಿದ್ದೆ ಅಂದ್ಕೊಂಡಿದ್ದೆ. ಅವನು ತಿಂಗಳೊಳಗೆ ಕಾರು ಮಾರಿ ಊರು ಬಿಟ್ಟ. ಅದು ಕಾರಿಗೇ ಅಂಟ್ಕೊಂಡು ಉಳೀತು.”

“ನನ್ನ ಅಕ್ಕ ಮೆಷಿನ್ ಮೇಲೆ ಬದುಕಿರೋದಮ್ಮ. ನಾನು ಹತ್ತಿರ ಹೋದ್ರೆ ಮೆಷಿನ್ ನಿಂತುಹೋಗುತ್ತೆ. ನಿಮ್ಮ ಕಾಲಿಗೆ ಬೀಳ್ತೀನಿ, ಬಿಚ್ಚಿಬಿಡಿ.”

ಆಕೆಯ ಮುಖ ಕುಗ್ಗಿತು. “ಬಿಚ್ಚೋದು ನಂಗೆ ಬರಲ್ಲಪ್ಪ. ಮಾಟ ಹೇಳಿಕೊಟ್ಟವಳು ಕಟ್ಟೋದು ಮಾತ್ರ ಹೇಳಿಕೊಟ್ಲು. ಬಿಚ್ಚೋದು ಹೇಗೆ ಅಂತ ಕೇಳ್ಬೇಕು ಅಂತ ಆಗ ನಂಗೆ ಅನ್ನಿಸ್ಲೇ ಇಲ್ಲ. ಈಗ ಕೇಳೋಣ ಅಂದ್ರೆ ಅವಳಿಲ್ಲ.”

ಅವನು ಮೆಟ್ಟಿಲಿನ ಮೇಲೆಯೇ ಕೂತುಬಿಟ್ಟ.

“ಅವಳು ಒಂದು ಮಾತು ಹೇಳಿದ್ಲು,” ಎಂದಳು ಕೊನೆಗೆ. “ಯಾರಾದ್ರೂ ಕತ್ತರಿಸಿದ್ರೆ ಅವರ ಮೈಗೆ ಹತ್ತುತ್ತೆ. ಕತ್ತರಿಸಿದ ಕೈಯೇ ಮತ್ತೆ ಅದೇ ಜಾಗದಲ್ಲಿ ಜೋಡಿಸಿದ್ರೆ ವಾಪಸ್ ಹೋಗುತ್ತೆ. ಆದ್ರೆ ಕಾರಿನವರು ಎಲ್ಲಾ ತಿಳ್ಕೊಂಡು ಒಪ್ಬೇಕು. ಕದ್ದು ಮಾಡಿದ್ರೆ ಆಗಲ್ಲ.”

“ಆಮೇಲೆ?”

“ಆಮೇಲೆ ಅಲ್ಲೇ ಇರುತ್ತೆ.”

“ಎಲ್ಲೀವರೆಗೆ?”

ಟೈಲರಮ್ಮ ಸೂಜಿಗೆ ದಾರ ಪೋಣಿಸಲು ನೋಡಿದಳು. ದಾರ ತಪ್ಪಿತು. “ಅದಕ್ಕೆ ಬೇಕಾಗಿದ್ದು ಸಿಗೋವರೆಗೂ,” ಎಂದಳು. ಏನು ಬೇಕು ಎಂದು ಅವನು ಕೇಳಲಿಲ್ಲ. ಕೇಳಲು ಧೈರ್ಯವಿರಲಿಲ್ಲ.

ಸಿಸ್ಟರ್ ಸೊಂಟದ ಮೇಲೆ ಕೈಯಿಟ್ಟುಕೊಂಡು, ನಡುನಡುವೆ ಬಾಯಿ ಹಾಕದೆ ಎಲ್ಲವನ್ನೂ ಕೇಳಿದರು. ಅವನು ಮಾತು ಮುಗಿಸಿದ ಮೇಲೆ ತಮ್ಮ ಫೋನನ್ನು ಹಿಡಿದು ಅವನ ಕಡೆಗೆ ನಾಲ್ಕು ಹೆಜ್ಜೆ ನಡೆದರು. ಪರದೆ ಮಂಕಾಯಿತು. ಹಿಂದೆ ಸರಿದರು. ಬೆಳಗಿತು. ಆ ಗಟ್ಟಿಗಿತ್ತಿಯ ಮುಖದಲ್ಲಿ ಮೊದಲ ಸಲ ಬಣ್ಣವಿರಲಿಲ್ಲ.

“ಇಂಥದ್ದನ್ನೆಲ್ಲ ನಂಬಲ್ಲ ಅಂತ ಮೂವತ್ತು ವರ್ಷದಿಂದ ಜನಕ್ಕೆ ಬೈದಿದ್ದೀನಿ,” ಎಂದರು.

“ಸಿಸ್ಟರ್, ಬೇಡ ಅಂದ್ರೆ ನಾನು ಬಲವಂತ ಮಾಡಲ್ಲ. ಊರು ಬಿಟ್ಟು ಹೋಗ್ತೀನಿ.”

“ಹೋಗಿ? ನಿನ್ನಕ್ಕನ್ನ ಯಾರು ನೋಡ್ಕೋತಾರೆ, ನಿನ್ನ ತಾತ ಬರ್ತಾನಾ?” ದನಿ ಮತ್ತೆ ಗಟ್ಟಿಯಾಯಿತು. “ಐದು ತಿಂಗಳು ಲೈಟಿಲ್ಲದೆ ಓಡಿಸಿದ್ದೀನಿ. ಇನ್ನೂ ಓಡಿಸ್ತೀನಿ. ಹೊತ್ತು ಮುಳುಗೋದ್ರೊಳಗೆ ಮನೆ ಸೇರಿದ್ರಾಯ್ತು. ಒಪ್ಪಿದ್ದೀನಿ ಕಣೋ, ಕಾರು ತರ್ತೀನಿ, ಜೋಡ್ಸು.”

ಗ್ಯಾರೇಜಿನಲ್ಲಿ ಬೆಸುಗೆಯ ಕಡ್ಡಿ ಅವನ ಕೈಯಲ್ಲಿ ಕಾಯಲಿಲ್ಲ. ಡಬ್ಬಿಯಿಂದ ಗಂಟು ತೆಗೆದ. ಅದು ಬೆಚ್ಚಗಿತ್ತು. ಹೆಡ್‌ಲೈಟಿನ ಗೂಡಿನೊಳಗೆ ಮೊಣಕೈವರೆಗೆ ಕೈ ತೂರಿಸಿ, ಕತ್ತಲಲ್ಲಿ ಬೆರಳಿನಿಂದಲೇ ತುದಿಗಳನ್ನು ಹುಡುಕಿ, ಇಕ್ಕಳದಿಂದ ಹೊಸೆದ. ಬೆರಳುಗಳ ನಡುವೆ ಕೂದಲು ಹರಿದಾಡಿದಂತಾಯಿತು. ಕೈ ಕೀಳಬೇಕೆನಿಸಿತು. ಕೀಳಲಿಲ್ಲ. ಕೊನೆಯ ಸುತ್ತು ಹೊಸೆದಾಗ ಮೈಯೊಳಗಿಂದ ಏನೋ ತೋಳಿನ ನರಗಳಲ್ಲಿ ಜಾರಿಕೊಂಡು ಹೊರಗೆ ಹೋಯಿತು. ನೆಲದ ಮೇಲೆ ಕೂತ. ತಲೆಯ ಮೇಲಿನ ಟ್ಯೂಬ್‌ಲೈಟು ಅಲ್ಲಾಡದೆ ಉರಿಯುತ್ತಿತ್ತು.

ಆ ಮಧ್ಯಾಹ್ನ ಅವನು ಅಕ್ಕನ ಮಂಚದ ಮೇಲೆ ಕೂತು, ಅವಳ ಕೈ ಹಿಡಿದು, ಮೆಷಿನ್ನಿನ ಸದ್ದು ಕೇಳುತ್ತ ನಿದ್ದೆ ಹೋದ. ಅಕ್ಕ ಸಂಜೆಯವರೆಗೂ ಕೈ ಬಿಡಿಸಿಕೊಳ್ಳಲಿಲ್ಲ.

ಹನ್ನೊಂದು ದಿನ ಕಳೆದವು. ಸಿಸ್ಟರ್ ಹಗಲಲ್ಲಿ ಬಂದು ಹಗಲಲ್ಲಿ ಹೋಗುತ್ತಿದ್ದರು. ಬೆಳಿಗ್ಗೆ ಇಬ್ಬರು ಕಾರು ತಳ್ಳಬೇಕು, ಅಷ್ಟೇ ತೊಂದರೆ.

ಹನ್ನೆರಡನೆಯ ದಿನ ಮಂಜು ಇಳಿದಿತ್ತು. ಐದೂವರೆಗೇ ಬೆಳಕು ಬೂದಿಯಾಗಿತ್ತು. ಆರರ ಹೊತ್ತಿಗೆ ಅಕ್ಕ ಕೆಮ್ಮಲು ಶುರುಮಾಡಿದವಳು ನಿಲ್ಲಿಸಲಿಲ್ಲ. ಮೆಷಿನ್ ಸರಿಯಾಗೇ ಓಡುತ್ತಿತ್ತು, ಗಾಳಿ ಬರುತ್ತಿತ್ತು, ಎದೆಯೊಳಗೆ ಅದಕ್ಕೆ ಜಾಗವಿರಲಿಲ್ಲ. ಆವಿ ಎಳೆದುಕೊಳ್ಳುವ ಮುಖವಾಡಕ್ಕೆ ಹಾಕುವ ಔಷಧಿಯ ಬಾಟಲಿ ಎತ್ತಿದ. ತಳದಲ್ಲಿ ಒಂದೆರಡು ಹನಿ. ನಾಳೆ ತರ್ತೀನಿ ಎಂದಿದ್ದರು ಸಿಸ್ಟರ್. ಅಕ್ಕನ ಕಣ್ಣು ಮೇಲೆ ಸರಿಯಿತು. ಉಗುರು ನೀಲಿಯಾಯಿತು.

ಫೋನು ಎತ್ತಿದ. ಅದು ಅವನ ಕೈಯಲ್ಲಿ ಬೆಳಗಿತು.

“ಸಿಸ್ಟರ್, ಅಕ್ಕ ಉಸಿರಾಡ್ತಿಲ್ಲ, ಔಷಧಿ ಮುಗಿದಿದೆ, ಬೇಗ ಬನ್ನಿ, ಬೇಗ!”

“ಕೂರ್ಸು, ಮುಂದಕ್ಕೆ ಬಗ್ಗಿಸಿ ಕೂರ್ಸು. ಬಂದೆ. ಹತ್ತೇ ನಿಮಿಷ.”

ಅಕ್ಕನನ್ನು ಎತ್ತಿ ಕೂರಿಸಿದ, ಬೆನ್ನಿಗೆ ದಿಂಬು ಕೊಟ್ಟ. ಪಕ್ಕದ ಮನೆಯಾಕೆಯನ್ನು ಕೂಗಿದ. ಆಕೆ ಓಡಿ ಬಂದು, ಒಳಗೆ ಸರಿಯಾಗಿ ಕಾಣದೆ, ಗೋಡೆ ತಡವಿ ದೀಪ ಹಾಕಿದಳು.

ಆಗ ಅವನು ಕಿಟಕಿಯ ಕಡೆ ನೋಡಿದ.

ಹೊರಗೆ ಕತ್ತಲು.

ಮತ್ತೆ ಫೋನು ಮಾಡಿದ. ರಿಂಗಾಯಿತು. ಎತ್ತಲಿಲ್ಲ. ಮತ್ತೆ ಮಾಡಿದ. ಎತ್ತಲಿಲ್ಲ. ಸಿಸ್ಟರ್ ಸ್ಟೀರಿಂಗ್ ಹಿಡಿದರೆ ಫೋನನ್ನು ಚೀಲಕ್ಕೆ ಹಾಕಿಬಿಡುತ್ತಾರೆ. ಅವನಿಗೆ ಗೊತ್ತಿತ್ತು.

“ಅಕ್ಕನ ಹಿಡ್ಕೊಳ್ಳಿ,” ಎಂದ. ಟಾರ್ಚು ಎತ್ತಿಕೊಂಡು ಓಡಿದ.

ಸಿಸ್ಟರ್ ಬರುವ ಇಳಿಜಾರಿನ ರಸ್ತೆ. ಮಂಜು ಮುಖಕ್ಕೆ ಒದ್ದೆ ಬಟ್ಟೆಯಂತೆ ಮೆತ್ತುತ್ತಿತ್ತು. ಬೀದಿದೀಪಗಳು ಮುಗಿದವು. ಮನೆಗಳು ಮುಗಿದವು. ಅವನ ಉಸಿರಿನ ಸದ್ದು, ಚಪ್ಪಲಿಯ ಸದ್ದು. ಕೆಳಗಿನ ತಿರುವಿಗೆ ಬಂದು ನಿಂತ. ಒಂದು ಬದಿ ಬಂಡೆ, ಇನ್ನೊಂದು ಬದಿ ಮೊಣಕಾಲೆತ್ತರದ ಕಲ್ಲಿನ ಕಟ್ಟೆ. ಕಟ್ಟೆಯಾಚೆ ಏನೂ ಇಲ್ಲ. ಕಿವಿಗೊಟ್ಟ.

ಎಂಜಿನ್ನಿನ ಸದ್ದು.

ದೀಪ ಇಲ್ಲ. ಒಂದು ಮಿಣುಕೂ ಇಲ್ಲ. ಸದ್ದು ಮಾತ್ರ ಏರಿ ಬರುತ್ತಿತ್ತು. ವೇಗವಾಗಿ. ಅಕ್ಕನಿಗಾಗಿ ವೇಗವಾಗಿ.

“ಸಿಸ್ಟರ್! ನಿಲ್ಸಿ!”

ರಸ್ತೆಯ ನಡುವೆ ನಿಂತು ಟಾರ್ಚು ಬೀಸಿದ. ಮಂಜಿನಲ್ಲಿ ಬೆಳಕಿನ ಕೋಲು ಅತ್ತಿತ್ತ ತೂಗಿತು. ಹಾರನ್ನು ಕೇಳಿಸಿತು. ಚಿಕ್ಕದಾಗಿ, ಎರಡು ಸಲ. ಕಂಡಿತು ಎನ್ನುವಂತೆ. ಸಿಸ್ಟರಿಗೆ ಅವನ ದೀಪ ಕಂಡಿತ್ತು. ದಾರಿ ಅದೇ ಎಂದು ತಿಳಿದು ಕಾರು ನೇರ ಅದರತ್ತ ತಿರುಗಿತು.

ಟಾರ್ಚು ಹಳದಿಯಾಯಿತು.

ಅವನು ಅದನ್ನು ಬಡಿದ. ಕೆಂಪಾಯಿತು. ಸದ್ದು ಹತ್ತಿರವಾದಷ್ಟೂ ಬೆಳಕು ಒಳಗೆ ಸೇದಿಕೊಂಡು ಹೋಗುತ್ತಿತ್ತು. ಬೇಡ, ಬೇಡ, ಬೇಡ. ಎರಡೂ ಕೈಯಲ್ಲಿ ಹಿಡಿದು ಎದೆಗೊತ್ತಿಕೊಂಡ. ಕೆಂಡ. ಕಿಡಿ.

ಆರಿತು.

ಕತ್ತಲು. ಬ್ರೇಕಿನ ಕಿರುಚು. ಸುಟ್ಟ ಕೂದಲಿನ ವಾಸನೆ ಗಾಳಿಯಂತೆ ನುಗ್ಗಿತು. ಅವನು ಬಂಡೆಯ ಕಡೆ ಹಾರಿದ. ಏನೋ ತಣ್ಣಗಿನದು ತೊಡೆಯನ್ನು ಸವರಿಕೊಂಡು ಹೋಯಿತು. ಕಲ್ಲುಗಳು ಉರುಳಿದ ಸದ್ದು. ಆಮೇಲೆ ಸದ್ದೇ ಇಲ್ಲದ ಒಂದು ಉದ್ದನೆಯ ಕ್ಷಣ. ಆಮೇಲೆ, ಕೆಳಗೆ, ಬಹಳ ಕೆಳಗೆ, ತಗಡು ನಜ್ಜುಗುಜ್ಜಾದ ಸದ್ದು.

ಅವನು ಕತ್ತಲಲ್ಲಿ ಅಂಗೈ ಊರಿ ಕಟ್ಟೆಯವರೆಗೆ ತೆವಳಿದ. ಕಟ್ಟೆ ಇರಲಿಲ್ಲ.

ಕೆಳಗಿನಿಂದ ಬೆಳಕು ಬಂತು.

ಎರಡು ಹೆಡ್‌ಲೈಟುಗಳು. ಬೆಳ್ಳಗೆ, ಅಲುಗಾಡದೆ, ಮಂಜನ್ನು ಸೀಳಿಕೊಂಡು ಮೇಲಕ್ಕೆ ಉರಿಯುತ್ತಿದ್ದವು. ಬಂಡೆ, ಹುಲ್ಲು, ರಸ್ತೆಯ ಜಲ್ಲಿ, ಅವನ ಕೈಯ ಗೀರುಗಳು, ಎಲ್ಲವೂ ಹಗಲಿನಂತೆ ಕಂಡವು. ಕೈಯಲ್ಲಿದ್ದ ಟಾರ್ಚೂ ಹೊತ್ತಿಕೊಂಡಿತು.

ಆ ಬೆಳಕಿನಲ್ಲೇ ಅವನು ಇಳಿದ. ಕಾರು ಬೆನ್ನ ಮೇಲೆ ಬಿದ್ದಿತ್ತು. ಬ್ಯಾಟರಿ ಒಡೆದು ಆಮ್ಲ ಹುಲ್ಲಿನ ಮೇಲೆ ಹೊಗೆಯಾಡುತ್ತಿತ್ತು. ಆದರೂ ದೀಪ ಉರಿಯುತ್ತಿತ್ತು. ಸಿಸ್ಟರಿನ ಕುತ್ತಿಗೆಗೆ ಬೆರಳಿಟ್ಟ. ಮತ್ತೊಂದು ಕಡೆ ಇಟ್ಟ. ಮೂಗಿನ ಹತ್ತಿರ ಕೆನ್ನೆ ಹಿಡಿದ. ಮೂರು ಸಲ ನೋಡಿದ. ಆಮೇಲೆ ತನ್ನ ಬಾಯಿಯಿಂದ ಹೊರಟ ಸದ್ದು ಯಾರದೆಂದು ಅವನಿಗೇ ತಿಳಿಯಲಿಲ್ಲ.

ಔಷಧಿಯ ಚೀಲದ ಪಟ್ಟಿಯನ್ನು ಆಕೆ ಮುಂಗೈಗೆ ಎರಡು ಸುತ್ತು ಸುತ್ತಿಕೊಂಡಿದ್ದರು. ಬಿದ್ದರೂ ಬಾಟಲಿ ಒಡೆಯದಿರಲಿ ಎಂದು ಎದೆಗವಚಿಕೊಂಡಿದ್ದರು. ಅವನು ಆ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ. ಇನ್ನೂ ಬಿಸಿ ಇದ್ದವು. “ಕ್ಷಮಿಸಿ,” ಎಂದ. “ಕ್ಷಮಿಸಿ, ಕ್ಷಮಿಸಿ ಸಿಸ್ಟರ್.” ಚೀಲ ತೆಗೆದುಕೊಂಡು ಆಕೆಯನ್ನು ಅಲ್ಲೇ ಬಿಟ್ಟು ಮೇಲಕ್ಕೆ ಓಡಿದ.

ಮನೆಗೆ ಬಂದು ಒಂದು ಹನಿಯೂ ಚೆಲ್ಲದೆ ಔಷಧಿ ಸುರಿದ. ಮುಖವಾಡ ಹಾಕಿದ. ಬಿಳಿ ಆವಿ ಏಳತೊಡಗಿತು. ಐದು ನಿಮಿಷ. ಹತ್ತು ನಿಮಿಷ. ಅಕ್ಕನ ಎದೆಯ ಸಿಳ್ಳೆ ಇಳಿಯಿತು, ಉಗುರಿಗೆ ಬಣ್ಣ ಬಂತು. ಮೆಷಿನ್ ಒಂದೇ ಸಮನೆ ಗುರುಗುಡುತ್ತಿತ್ತು. ಪಕ್ಕದ ಮನೆಯಾಕೆ ಅವನ ಅಂಗಿಯ ಮೇಲಿನ ರಕ್ತ ನೋಡಿ ಬಾಯಿ ಮುಚ್ಚಿಕೊಂಡು, ಜನರನ್ನು ಕರೆಯಲು ಹೊರಗೆ ಓಡಿದಳು.

ಅಕ್ಕ ಕಣ್ಣು ತೆರೆದಳು. ಮಂಚದ ಮೇಲಿದ್ದ ಚೀಲ ಕಂಡು ಅವಳ ಮುಖ ಸಡಿಲವಾಯಿತು. ಮುಖವಾಡವನ್ನು ಸ್ವಲ್ಪ ಸರಿಸಿದಳು.

“ಸಿಸ್ಟರ್ ಬಂದ್ರೇನೋ?”

ಅವನು ಅವಳ ಕಾಲು ನೀವುತ್ತಿದ್ದ. ತಲೆ ಎತ್ತಲಿಲ್ಲ. “ದಾರೀಲಿದ್ದಾರೆ ಅಕ್ಕ.”

“ಪಾಪ... ಕತ್ತಲಾಗಿದೆಯಲ್ಲೋ. ಹೊರಗಿನ ದೀಪ ಹಾಕು. ಮೆಟ್ಟಿಲು ಕಾಣಲ್ಲ ಅವರಿಗೆ.”

ಅವನು ಎದ್ದ. ಬಾಗಿಲ ಹತ್ತಿರ ಹೋಗಿ ಸ್ವಿಚ್ಚು ಒತ್ತಿದ. ದೀಪ ಹೊತ್ತಿತು. ಅವನ ಕೈ ಸ್ವಿಚ್ಚಿನ ಮೇಲೇ ಇತ್ತು. ದೀಪ ಆರಲಿಲ್ಲ.